ಕಲ್ಲು ತೆಗೆಸಿ ಮನೆಗೆ ಬಂದ ಮೇಲೆ

ಸೋದರಿಯರೇ, ಮೂತ್ರಪಿಂಡದ ದೊಡ್ಡ ಕಲ್ಲಿಗೂ ಈಗ ಪಕ್ಕೆ ಕೊಯ್ಯುವುದು ಅಪರೂಪ. 1976ರಲ್ಲಿ ಸ್ವೀಡನ್ನಿನ ವೈದ್ಯರು ತೋರಿಸಿಕೊಟ್ಟ ಹಾಗೆ ಬೆನ್ನಿನ ಸಣ್ಣ ತೂತಿನಿಂದಲೇ ತೆಗೀತಾರೆ. ಆಮೇಲೆ ಕೆಲವು ದಿನ ಮೂತ್ರ ತಿಳಿಗೆಂಪಗಿದ್ದರೆ ಗಾಬರಿ ಬೇಡ.

ಆದರೆ ಎಲ್ಲೋ ಒಬ್ಬಿಬ್ಬರಿಗೆ, ಎಲ್ಲಾ ಸರಿಹೋಯ್ತು ಅನ್ನುವಾಗ, ಒಂದೆರಡು ವಾರದ ಮೇಲೆ ಕಡುಗೆಂಪು ಮೂತ್ರ, ಗಡ್ಡೆಗಡ್ಡೆ ರಕ್ತ ಬರುತ್ತೆ. ತೂತು ಹಾಯ್ದ ಕಡೆ ರಕ್ತನಾಳಕ್ಕೆ ಪೆಟ್ಟಾಗಿ, ಗುಳ್ಳೆಯಂತೆ ಉಬ್ಬಿ ಒಡೆದಿರುತ್ತದೆ. ನಿಂತು ನಿಂತು ಬರುವುದೂ ಉಂಟು. ನಿಂತಿತಲ್ಲ ಅಂತ ಸುಮ್ಮನಾಗಬೇಡಿ. ಬಾರ್ಲಿ ನೀರು, ಬಾಳೆದಿಂಡಿನ ರಸ ಕಾಯಿಸುತ್ತಾ ಕೂರದೆ ರಾತ್ರಿಯಾದರೂ ಹೊರಡಿ. ಮೂತ್ರ ಕಟ್ಟಿದರೆ, ತಲೆಸುತ್ತಿ ಬೆವರಿದರೆ ಇನ್ನೂ ಅವಸರ. ತೊಡೆಯ ರಕ್ತನಾಳದಿಂದ ಎಳೆಯಂಥ ನಳಿಕೆ ಕಳಿಸಿ ಸೋರುವ ಜಾಗ ಮುಚ್ಚುತ್ತಾರೆ. ಕಿಡ್ನಿ ಸಾಮಾನ್ಯವಾಗಿ ಉಳಿಯುತ್ತೆ. ನಮ್ಮಂಥ ಸಣ್ಣ ಊರುಗಳಲ್ಲಿ ಈ ಸೌಕರ್ಯ ಎಲ್ಲಿ ಬಂತು? ಡಿಸ್ಚಾರ್ಜ್ ದಿನವೇ, ಹೀಗಾದರೆ ಎಲ್ಲಿಗೆ ಹೋಗಬೇಕು ಅಂತ ಕೇಳಿ ಬರೆಸಿಕೊಳ್ಳಿ.

ಯಜಮಾನರು ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೇ? ಆಪರೇಷನ್ನಿಗೆ ಮೊದಲೇ ವೈದ್ಯರಿಗೆ ನೀವೇ ಹೇಳಿ. ಈ ಗಂಡಸರು ಬಾಯಿ ಬಿಡೋದಿಲ್ಲ! ನಿಲ್ಲಿಸುವುದೋ ಬೇಡವೋ, ಮತ್ತೆ ಯಾವತ್ತಿನಿಂದ ಕೊಡುವುದು, ಅದನ್ನು ವೈದ್ಯರೇ ಹೇಳಬೇಕು.