ಶಾಲ್ಮಲೆಯ ಕೊನೆಯಲ್ಲಿ ಶಾರ್ಕ್ ಇದೆ

ಧಾರವಾಡದ ಉಳವಿ ಚನ್ನಬಸವಣ್ಣನ ಗುಡಿಯ ಬಗ್ಗೆ ಊರಿನಲ್ಲಿ ಹಳೆಯ ಮಾತೊಂದಿದೆ. ಗುಡಿಯ ಮೂಡಣಕ್ಕೆ ಬಿದ್ದ ಮಳೆಯ ನೀರು ಬಂಗಾಳ ಕೊಲ್ಲಿಗೆ, ಪಡುವಣಕ್ಕೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ ಸೇರುತ್ತದೆ ಎನ್ನುವರು. ಊರಂಚಿನ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಡುವಣದ ಪಾಲಿನವಳು. ಕಲಘಟಗಿಯ ಕಡೆ ಹುಬ್ಬಳ್ಳಿಯಿಂದ ಬರುವ ಬೇಡ್ತಿಯನ್ನು ಕೂಡಿ, ಯಲ್ಲಾಪುರದ ಮಾಗೋಡಿನಲ್ಲಿ ಘಟ್ಟದಿಂದ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲೆಯ ಬಳಿ ಕಡಲು ಸೇರುತ್ತಾಳೆ. ಹುಬ್ಬಳ್ಳಿ-ಧಾರವಾಡದ ಜನ ತಮ್ಮನ್ನು ಬಯಲುಸೀಮೆಯವರೆಂದು ತಿಳಿದಿದ್ದರೂ ನೀರಿನ ಲೆಕ್ಕದಲ್ಲಿ ನಾವು ಅರ್ಧ ಕರಾವಳಿಯವರೇ.

ಈ ಮಾತು ನೆನಪಾಗಲು ಕಾರಣವಿದೆ. ಕಳೆದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಒಳ್ಳೆಯ ನೌಕರಿ. “ಸರ್, ಮಾಲ್ಡೀವ್ಸಿಗೆ ಹೊಂಟೇನ್ರಿ. ಒಂದು ವಾರ ಹಡಗದಾಗ ಇರೂದು, ದಿನಕ್ಕ ಮೂರು ಸಲ ಸಮುದ್ರದಾಗ ಮುಳಗೂದು, ಶಾರ್ಕ್ ನೋಡೂದು” ಎಂದ. ಅವನ ಕಣ್ಣಿನಲ್ಲಿದ್ದ ಉತ್ಸಾಹ ನನಗೆ ಹಿಡಿಸಿತು. ಶಾರ್ಕ್ ಎಂದರೆ ಸಿನಿಮಾದ ರಾಕ್ಷಸ ಎಂದು ಬೆಳೆದ ತಲೆಮಾರು ನಮ್ಮದು. ಅದನ್ನು ನೋಡಿ ಕೈಮುಗಿಯಲು ಹೊರಟ ತಲೆಮಾರು ಇದು. ಆದರೆ ಅವನು ಹೋದ ಮೇಲೆ ಒಂದು ಪ್ರಶ್ನೆ ಉಳಿಯಿತು. ಶಾಲ್ಮಲೆಯ ದಂಡೆಯಲ್ಲಿ ಹುಟ್ಟಿದ ಹುಡುಗನಿಗೆ ಶಾರ್ಕ್ ನೋಡಲು ಅಷ್ಟು ದೂರ ಹೋಗಬೇಕಾದದ್ದು ಏಕೆ?

ಇಂಥ ಪ್ರವಾಸಗಳ ಸ್ವರೂಪವನ್ನು ಮಲೆನಾಡಿನ ಓದುಗರಿಗೆ ಮೊದಲು ಹೇಳಬೇಕು. ಇವುಗಳಲ್ಲಿ ಹಡಗೇ ವಸತಿ. ವಾರ, ಹತ್ತು ದಿನ ಊಟ, ನಿದ್ರೆ ಎಲ್ಲವೂ ಅದರ ಮೇಲೆಯೇ. ಗಾಳಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಪ್ರವಾಸಿಗರು ದಿನಕ್ಕೆ ಮೂರು ನಾಲ್ಕು ಸಲ ನೀರಿಗಿಳಿಯುತ್ತಾರೆ. ರಾತ್ರಿ ಹಡಗು ಮುಂದಿನ ದಿಬ್ಬಕ್ಕೆ ಸಾಗುತ್ತದೆ. ದಡದಿಂದ ಹೊರಟ ದೋಣಿ ಒಂದೇ ದಿನದಲ್ಲಿ ಹೋಗಿ ಬರಲಾಗದ ದೂರದ ನೀರನ್ನು ಮುಟ್ಟಲು ಇದೊಂದೇ ದಾರಿ. ಕೋಸ್ಟರಿಕಾ ದೇಶದ ಕೋಕೋಸ್ ದ್ವೀಪ ತೀರದಿಂದ ಸುಮಾರು 550 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಗೆ ಒಂದೂವರೆ ದಿನದ ಸಮುದ್ರಯಾನ. ಸುತ್ತಿಗೆಯಂಥ ತಲೆಯ ಶಾರ್ಕುಗಳು ಅಲ್ಲಿ ಹಿಂಡುಹಿಂಡಾಗಿ ಈಜುತ್ತವೆ. ಗ್ಯಾಲಪಗೋಸ್, ಇಂಡೋನೇಷ್ಯದ ರಾಜಾ ಅಂಪಟ್, ನಮ್ಮ ನೆರೆಯ ಮಾಲ್ಡೀವ್ಸ್ ಈ ಯಾತ್ರೆಯ ಇತರ ಕ್ಷೇತ್ರಗಳು. ಖರ್ಚು ಲಕ್ಷಗಳಲ್ಲಿ. ಅಪಾಯವೂ ಇಲ್ಲದಿಲ್ಲ: 2024ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ‘ಸೀ ಸ್ಟೋರಿ’ ಎಂಬ ಇಂಥದೇ ಹಡಗು ಮುಳುಗಿ ಹಲವರು ಜೀವ ಕಳೆದುಕೊಂಡರು.

ಜನ ಅಷ್ಟು ದೂರ ಹೋಗುವುದಕ್ಕೆ ಮುಖ್ಯ ಕಾರಣ ಸರಳ. ಹತ್ತಿರದ ನೀರಿನಲ್ಲಿ ಶಾರ್ಕ್ ಉಳಿದಿಲ್ಲ. ವರ್ಷಕ್ಕೆ ಸುಮಾರು ಹತ್ತು ಕೋಟಿ ಶಾರ್ಕುಗಳು ಮನುಷ್ಯರಿಂದ ಸಾಯುತ್ತವೆ ಎಂದು ವಿಜ್ಞಾನಿಗಳು 2013ರಲ್ಲಿ ಅಂದಾಜು ಮಾಡಿದರು. 1970ರಿಂದೀಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ ಶೇ. 71ರಷ್ಟು ಕುಸಿದಿದೆ ಎಂಬುದು 2021ರಲ್ಲಿ ಪ್ರಕಟವಾದ ಅಧ್ಯಯನದ ತೀರ್ಮಾನ. ಬಂಗುಡೆ, ಬೂತಾಯಿಯಂತೆ ಶಾರ್ಕ್ ಲಕ್ಷಾಂತರ ಮೊಟ್ಟೆ ಇಡುವ ಜೀವಿಯಲ್ಲ. ಅನೇಕ ಜಾತಿಗಳು ಹತ್ತಾರು ವರ್ಷ ಬೆಳೆದ ಮೇಲೆಯೇ ಪ್ರಾಯಕ್ಕೆ ಬರುತ್ತವೆ. ತಿಂಗಳುಗಟ್ಟಲೆ ಬಸಿರು ಹೊತ್ತು ಕೆಲವೇ ಮರಿಗಳನ್ನು ಹೆರುತ್ತವೆ. ಹುಲಿ, ಆನೆಗಳ ಹಾಗೆ ನಿಧಾನದ ಸಂಸಾರ ಅದರದು. ನಿಧಾನವಾಗಿ ಹೆರುವ ಪ್ರಾಣಿಯನ್ನು ಅವಸರದಿಂದ ಕೊಂದರೆ ಉಳಿಯುವುದೇನು?

ಈ ಪ್ರವಾಸಗಳ ಪರವಾಗಿ ಬಲವಾದ ವಾದವೊಂದಿದೆ. ಅದನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಪೆಸಿಫಿಕ್ ಸಾಗರದ ಪುಟ್ಟ ದೇಶ ಪಲಾವು 2009ರಲ್ಲಿ ತನ್ನ ಸಮುದ್ರವನ್ನೆಲ್ಲ ಶಾರ್ಕುಗಳ ಅಭಯಧಾಮವೆಂದು ಘೋಷಿಸಿತು. ಅಲ್ಲಿನ ದಿಬ್ಬದ ಒಂದು ಶಾರ್ಕ್ ತನ್ನ ಜೀವಮಾನದಲ್ಲಿ ಪ್ರವಾಸೋದ್ಯಮಕ್ಕೆ ಸುಮಾರು 19 ಲಕ್ಷ ಡಾಲರ್ ತರುತ್ತದೆ ಎಂದು 2011ರ ಅಧ್ಯಯನವೊಂದು ಲೆಕ್ಕ ಹಾಕಿತು. ಕೊಂದು ಮಾರಿದರೆ ಸಿಗುವುದು ಅದರ ಮುಂದೆ ಚಿಲ್ಲರೆ ಕಾಸು. 2010ರಲ್ಲಿ ಮಾಲ್ಡೀವ್ಸ್ ಕೂಡ ಶಾರ್ಕ್ ಬೇಟೆಯನ್ನು ನಿಷೇಧಿಸಿತು. ಮುಳುಗುವವರು ತೆಗೆದ ಚಿತ್ರಗಳೂ ವಿಜ್ಞಾನಕ್ಕೆ ನೆರವಾಗಿವೆ. ತಿಮಿಂಗಿಲ ಶಾರ್ಕಿನ ಮೈಮೇಲಿನ ಬಿಳಿ ಚುಕ್ಕೆಗಳು ಒಂದರಂತೆ ಇನ್ನೊಂದರದಿಲ್ಲ. ನಮ್ಮ ಹುಲಿಗಳನ್ನು ಪಟ್ಟೆಯಿಂದ ಗುರುತಿಸುವಂತೆ ಅವುಗಳನ್ನು ಚುಕ್ಕೆಯಿಂದ ಗುರುತಿಸಿ ಲೆಕ್ಕ ಇಡುತ್ತಾರೆ.

ಆದರೂ ಈ ವಾದದ ಮೇಲೆ ಪೂರ್ತಿ ಭಾರ ಹಾಕಲು ನನ್ನ ಮನಸ್ಸು ಒಪ್ಪದು. ಜೀವಿಯೊಂದರ ಉಳಿವನ್ನು ಪ್ರವಾಸಿಯ ಕಿಸೆಗೆ ಕಟ್ಟಿದರೆ, ಕಿಸೆ ಬರಿದಾದ ದಿನ ಗತಿಯೇನು? ಕೊರೋನಾ ಕಾಲದಲ್ಲಿ ಜಗತ್ತಿನ ಪ್ರವಾಸವೆಲ್ಲ ನಿಂತಿತು. 2021ರಲ್ಲಿ ಮಾಲ್ಡೀವ್ಸಿನಲ್ಲೇ ಶಾರ್ಕ್ ಬೇಟೆಗೆ ಮತ್ತೆ ಅವಕಾಶ ಕೊಡುವ ಮಾತು ಎದ್ದಿತು. ಜನರು ಪ್ರತಿಭಟಿಸಿದ್ದರಿಂದ ಸರಕಾರ ಹಿಂದೆ ಸರಿಯಿತು. ಆ ದಿನ ಶಾರ್ಕನ್ನು ಉಳಿಸಿದ್ದು ಡಾಲರಿನ ಲೆಕ್ಕವೊಂದೇ ಅಲ್ಲ, ಅದು ತಮ್ಮದೆಂದು ನಂಬಿದ ಜನರ ದನಿ ಕೂಡ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾಂಡೇಲಿ, ಜೋಯಿಡಾಗಳನ್ನು ನೋಡಿ. ಶನಿವಾರ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ವಾಹನಗಳ ಸಾಲು. ಗಣೇಶಗುಡಿಯಲ್ಲಿ ಕಾಳಿಯ ಮೇಲೆ ದೋಣಿಯಾಟ. ಅದೂ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ. ಬರುವವರೆಲ್ಲರೂ ಕಾಡನ್ನು ಪ್ರೀತಿಸುವವರೇ. ಆದರೆ ಪ್ರೀತಿಸುವವರು ಹೆಚ್ಚಿದಷ್ಟೂ ಕಾಡಿನಲ್ಲಿ ಬೆಳಕು, ಗದ್ದಲ, ಪ್ಲಾಸ್ಟಿಕ್ ಹೆಚ್ಚಿವೆ. ಸಮುದ್ರದಲ್ಲೂ ಇದೇ ಕಥೆ. ಲಂಗರು ಬಿದ್ದಲ್ಲಿ ಹವಳ ಮುರಿಯುತ್ತದೆ. ಪ್ರಾಣಿ ಹತ್ತಿರ ಬರಲೆಂದು ಕೆಲವೆಡೆ ಮೀನಿನ ತುಣುಕು ಸುರಿಯುತ್ತಾರೆ. ಕಾಡಾನೆಗೆ ಬಾಳೆಹಣ್ಣು ತಿನ್ನಿಸಿ ಪಳಗಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ‘ಯಾರೂ ಮುಟ್ಟದ ನೀರು’ ಎಂಬ ಜಾಹೀರಾತಿನ ಆಸೆಯೇ ಆ ನೀರನ್ನು ಮುಟ್ಟಿ ಮುಗಿಸುತ್ತದೆ.

ಹಾಗಾದರೆ ಯಾರೂ ನೋಡಲೇಬಾರದೆ? ನಾನು ಹಾಗೆ ಹೇಳುವುದಿಲ್ಲ. ನೋಡದವನಿಗೆ ನೋವು ತಿಳಿಯದು. ನನ್ನ ಮಾತು ಇಷ್ಟೇ: ನೋಡುವ ಕೆಲಸ ನಮ್ಮ ಅಂಗಳದಿಂದ ಮೊದಲಾಗಲಿ.

ಮುರುಡೇಶ್ವರದ ಗೋಪುರದಿಂದ ಪಶ್ಚಿಮಕ್ಕೆ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಪಾರಿವಾಳದ ದ್ವೀಪವೆಂದೂ ಅದಕ್ಕೆ ಹೆಸರು. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ನೀರಿನಡಿಯ ಬಂಡೆಗಳಲ್ಲಿ ಹವಳವಿದೆ, ಬಣ್ಣಬಣ್ಣದ ಮೀನುಗಳಿವೆ. ರೆಕ್ಕೆಯ ತುದಿ ಕಪ್ಪಾದ ಶಾರ್ಕುಗಳೂ ಅದೃಷ್ಟವಿದ್ದ ದಿನ ಕಾಣಿಸಿಕೊಳ್ಳುತ್ತವೆ. ಸುತ್ತಲಿನ ಮೀನುಗಾರರಿಗೆ ಅದು ಪೂಜೆ ಸಲ್ಲಿಸುವ ಸ್ಥಳ. ಅದೇ ದ್ವೀಪವನ್ನು ನೌಕಾಪಡೆಯು ಗುಂಡು ಹಾರಿಸುವ ಗುರಿಯಾಗಿ ಬಳಸಿದಾಗ ಮೀನುಗಾರರೂ ಪರಿಸರಾಸಕ್ತರೂ ಆಕ್ಷೇಪವೆತ್ತಿದ್ದು ಈ ಪತ್ರಿಕೆಯ ಹಿರಿಯ ಓದುಗರಿಗೆ ನೆನಪಿರಬಹುದು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಈ ನೀರಿಗಿಳಿದದ್ದನ್ನು ನೋಡಿದ ಮೇಲೆ ನಾಡಿನ ಮೂಲೆಮೂಲೆಯ ಯುವಕರಿಗೆ ನೇತ್ರಾಣಿಯ ಹೆಸರು ಪರಿಚಯವಾಯಿತು. ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ದೋಣಿಗೆ ಅಲ್ಲಿರಬಹುದು.

ಅಷ್ಟಕ್ಕೇ ತೃಪ್ತರಾದರೆ ಸಾಲದು. ನೇತ್ರಾಣಿಯಲ್ಲಿ ಮುಳುಗಿ ಮೇಲೆದ್ದವರು ಅದೇ ಸಂಜೆ ಕರಾವಳಿಯ ಯಾವುದಾದರೂ ಮೀನು ಬಂದರಿಗೆ ಹೋಗಿ ನಿಲ್ಲಬೇಕು. ಬುಟ್ಟಿಗಳಲ್ಲಿ ಮೊಳದುದ್ದದ ಶಾರ್ಕ್ ಮರಿಗಳನ್ನು ಕಾಣಬಹುದು. ಕೊಂಕಣಿಯಲ್ಲಿ ಅದಕ್ಕೆ ‘ಮೋರಿ’ ಎನ್ನುತ್ತಾರೆ. ಬಾಣಂತಿಗೆ ಹಾಲು ಹೆಚ್ಚಲೆಂದು ಮೋರಿಯ ಸಾರು ಕೊಡುವ ವಾಡಿಕೆ ಕರಾವಳಿಯಲ್ಲಿದೆ. ಬಾಣಂತಿಯ ಬಟ್ಟಲನ್ನು ದೂರುವ ಹಕ್ಕು ನಮಗಿಲ್ಲ. ಆ ಬಟ್ಟಲಿನಿಂದ ಸಮುದ್ರ ಬರಿದಾಗಲಿಲ್ಲ. ತಳವನ್ನೇ ಬಾಚುವ ದೊಡ್ಡ ಟ್ರಾಲ್ ಬಲೆಗಳು, ಎರಡು ದೋಣಿ ಕೂಡಿ ಎಳೆಯುವ ಬುಲ್ ಟ್ರಾಲಿಂಗ್, ರಾತ್ರಿ ಬೆಳಕು ಚೆಲ್ಲಿ ಮೀನು ಸೆಳೆಯುವ ಪದ್ಧತಿ ಇವು ಬರಿದು ಮಾಡಿದವು. ಬುಲ್ ಟ್ರಾಲಿಂಗನ್ನೂ ಬೆಳಕಿನ ಮೀನುಗಾರಿಕೆಯನ್ನೂ ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಶಾರ್ಕಿನ ರೆಕ್ಕೆಯ ರಫ್ತು 2015ರಲ್ಲಿ ನಿಂತಿದೆ. 2022ರ ತಿದ್ದುಪಡಿಯಿಂದ ಇನ್ನೂ ಹಲವು ಜಾತಿಗಳು ವನ್ಯಜೀವಿ ಕಾಯಿದೆಯ ಪಟ್ಟಿಗೆ ಸೇರಿವೆ. ಕಾಗದದ ಮೇಲಿನ ಕಾಯಿದೆ ಬಲೆಯವರೆಗೆ ಇಳಿಯಬೇಕಾದರೆ ಬಲೆ ಹಿಡಿದವನ ಮನಸ್ಸು ಒಲಿಯಬೇಕು.

ಆ ಮನಸ್ಸು ಒಲಿಯಬಲ್ಲದು ಎಂಬುದಕ್ಕೆ ಗುಜರಾತ್ ಸಾಕ್ಷಿ. ಅಲ್ಲಿನ ಸೌರಾಷ್ಟ್ರ ತೀರದಲ್ಲಿ ತಿಮಿಂಗಿಲ ಶಾರ್ಕುಗಳನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. ಮೈಕ್ ಪಾಂಡೆಯವರ ಸಾಕ್ಷ್ಯಚಿತ್ರ ಆ ಹತ್ಯೆಯನ್ನು ಜಗತ್ತಿಗೆ ತೋರಿಸಿತು. 2001ರಲ್ಲಿ ಈ ಮೀನಿಗೆ ಹುಲಿಯ ಸಮಾನವಾದ ರಕ್ಷಣೆ ದೊರೆಯಿತು. 2004ರಲ್ಲಿ ಆರಂಭವಾದ ಆಂದೋಲನದಲ್ಲಿ ಕಥಾಕಾರ ಮೊರಾರಿ ಬಾಪು ಅದನ್ನು ‘ವ್ಹಾಲಿ’ ಎಂದು ಕರೆದರು. ವ್ಹಾಲಿ ಎಂದರೆ ಅಕ್ಕರೆಯವಳು. ಬಸಿರಿ ಮಗಳು ಹೆರಿಗೆಗೆ ತವರಿಗೆ ಬರುವಂತೆ ಈ ಮೀನು ನಮ್ಮ ತೀರಕ್ಕೆ ಬರುತ್ತದೆ, ತವರಿಗೆ ಬಂದ ಮಗಳನ್ನು ಯಾರಾದರೂ ಕೊಲ್ಲುವರೆ ಎಂಬುದು ಅವರ ಮಾತಿನ ಸಾರ. ಅಂದಿನಿಂದ ಮೀನುಗಾರರು ಬಲೆಗೆ ಸಿಕ್ಕ ನೂರಾರು ತಿಮಿಂಗಿಲ ಶಾರ್ಕುಗಳನ್ನು ತಮ್ಮ ಬಲೆಯನ್ನೇ ಕತ್ತರಿಸಿ ಬಿಟ್ಟಿದ್ದಾರೆ. ಹರಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅಲ್ಲಿ ಹಡಗಿನ ಪ್ರವಾಸಿಗರು ಇರಲಿಲ್ಲ. ತವರು ಎಂಬ ಒಂದು ಮಾತು ಇತ್ತು, ಬಡವನ ನಷ್ಟವನ್ನು ತುಂಬಿಕೊಡುವ ವ್ಯವಸ್ಥೆ ಇತ್ತು. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ.

ಈಗ ನಮ್ಮ ನದಿಗೆ ಮರಳೋಣ. ಹಲವು ಜಾತಿಯ ಶಾರ್ಕ್ ಮರಿಗಳು ಬೆಳೆಯುವುದು ತೀರದ ಆಳವಿಲ್ಲದ ನೀರಿನಲ್ಲಿ, ಅಳಿವೆಗಳ ಆಸುಪಾಸಿನಲ್ಲಿ. ಅಳಿವೆಯ ಆರೋಗ್ಯ ಘಟ್ಟದ ಮೇಲಿನ ನಮ್ಮ ಕೈಯಲ್ಲಿದೆ. ಹುಬ್ಬಳ್ಳಿಯ ಕೊಳಚೆ ನಾಲೆಯ ನೀರಿನಿಂದ ಕೆಳಗಿನ ಹಳ್ಳಿಗಳ ರೈತರು ತರಕಾರಿ ಬೆಳೆಯುತ್ತಾರೆ. ಮಿಕ್ಕದ್ದು ಬೇಡ್ತಿಯ ಪಾಲು. 1980ರ ದಶಕದ ಆರಂಭದಲ್ಲಿ ಶಿರಸಿ, ಯಲ್ಲಾಪುರದ ರೈತರು ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ತಡೆದಾಗ ಅಡಿಕೆ ತೋಟವನ್ನು ಮಾತ್ರವಲ್ಲ, ಗಂಗಾವಳಿಯ ಮೀನುಗಾರನ ಬುಟ್ಟಿಯನ್ನೂ ಉಳಿಸಿದರು. ಇತ್ತೀಚೆಗೆ ಬೇಡ್ತಿ–ವರದಾ ಜೋಡಣೆಯ ಪ್ರಸ್ತಾಪ ಮತ್ತೆ ಎದ್ದಿದೆ. 2024ರ ಜುಲೈ 16ರಂದು ಹೆದ್ದಾರಿಯ ಪಕ್ಕದ ಗುಡ್ಡ ಶಿರೂರಿನಲ್ಲಿ ಕುಸಿದು ಗಂಗಾವಳಿಗೆ ಬಿತ್ತು. ಮಣ್ಣು, ಮನುಷ್ಯರು, ವಾಹನಗಳು ನೀರಿನ ಪಾಲಾದವು. ಕೆಂಪು ರಾಡಿಯಾಗಿ ಭೋರ್ಗರೆಯುತ್ತಿದ್ದ ಹೊಳೆಯಲ್ಲಿ ಕಾಣೆಯಾದವರಿಗಾಗಿ ಮಲ್ಪೆಯ ಈಶ್ವರ ಅವರು ಮುಳುಗಿ ಹುಡುಕಿದ್ದನ್ನು ನಾಡೇ ನೋಡಿತು. ಅದೂ ಒಂದು ಮುಳುಗುವಿಕೆ. ತಿಳಿನೀರಿನಲ್ಲಿ ಶಾರ್ಕ್ ನೋಡುವ ಸುಖ ಅದರಲ್ಲಿರಲಿಲ್ಲ.

ಆದ್ದರಿಂದ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ನೇತ್ರಾಣಿಯ ಸುತ್ತ ದಿನಕ್ಕೆ ಇಷ್ಟೇ ದೋಣಿ, ಇಷ್ಟೇ ಜನ ಎಂಬ ಮಿತಿ ಬೇಕು. ಲಂಗರಿನ ಬದಲು ದೋಣಿ ಕಟ್ಟಲು ಸ್ಥಿರವಾದ ತೇಲುಬುರುಡೆಗಳಿರಲಿ. ಎರಡು, ಅಲ್ಲಿ ದಾರಿ ತೋರಿಸುವ ಕೆಲಸವೂ ಆದಾಯದ ಪಾಲೂ ಮೊದಲು ಸ್ಥಳೀಯ ಮೀನುಗಾರರ ಮಕ್ಕಳಿಗೆ ಸಲ್ಲಲಿ. ಮೂರು, ರಕ್ಷಿತ ಜಾತಿಯ ಶಾರ್ಕನ್ನು ಬಲೆಯಿಂದ ಬಿಡಿಸಿ ಬಿಟ್ಟವನಿಗೆ ಗುಜರಾತಿನ ಮಾದರಿಯಲ್ಲಿ ನಮ್ಮಲ್ಲೂ ಪರಿಹಾರ ಸಿಗಲಿ. ನಾಲ್ಕು, ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕಾರವಾರದ ಕೋಡಿಬಾಗದಲ್ಲಿ ಸಮುದ್ರ ಜೀವಶಾಸ್ತ್ರ ವಿಭಾಗವಿದೆ ಎಂಬುದೇ ಧಾರವಾಡದ ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿಯದು. ಕಾಲೇಜುಗಳು ವರ್ಷಕ್ಕೊಮ್ಮೆ ಸೋಮೇಶ್ವರದಿಂದ ಗಂಗಾವಳಿಯ ಅಳಿವೆಯವರೆಗೆ ನದಿಯ ಜೊತೆ ನಡೆದು, ಅಲ್ಲಿನ ಬಂದರಿನಲ್ಲಿ ಇಳಿಯುವ ಮೀನನ್ನು ದಾಖಲಿಸಲಿ. ಇದಕ್ಕೆ ಲಕ್ಷ ರೂಪಾಯಿ ಬೇಡ, ಗಟ್ಟಿ ಕಾಲು ಸಾಕು.

ನನ್ನ ವಿದ್ಯಾರ್ಥಿ ಮಾಲ್ಡೀವ್ಸಿನಿಂದ ಮರಳಿ ಫೋನು ಮಾಡಿದ್ದ. ಶಾರ್ಕ್ ಕಂಡಿತ್ತಂತೆ, ಮಾತಿನಲ್ಲಿ ಇನ್ನೂ ಬೆರಗಿತ್ತು. ನಾನು ಅವನನ್ನು ಗದರಲಿಲ್ಲ. “ಮುಂದಿನ ರಜಾಕ್ಕ ಸೋಮೇಶ್ವರಕ್ಕ ಬಾ, ಅಲ್ಲಿಂದ ನಡಕೋತ ಅದರ ಮನಿ ತನಕಾ ಹೋಗೂಣು” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರ್ತೇನ್ರಿ ಸರ್” ಎಂದ. ಬರುವ ಮಾಗಿಯಲ್ಲಿ ಹೊರಡುತ್ತೇವೆ. ಕಲಘಟಗಿ, ಯಲ್ಲಾಪುರ, ಅಂಕೋಲೆಯ ಕಡೆಯ ಓದುಗರು ತಮ್ಮ ಊರಿನಿಂದ ನಮ್ಮೊಡನೆ ಕೂಡಿಕೊಳ್ಳಬೇಕೆಂದು ವಿನಂತಿ.