ದೇವರನ್ನು ನಂಬುವವನು ವಿಕಾಸವಾದವನ್ನು ಒಪ್ಪಬಾರದೇ?

ಮನುಷ್ಯನು ಮಂಗನಿಂದ ಬಂದನೆಂದು ಹೇಳುವವನು ನಾಸ್ತಿಕ, ದೇವರಲ್ಲಿ ನಂಬಿಕೆಯಿರುವವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲೂ ಬಾರದು ಎಂಬ ಅಭಿಪ್ರಾಯ ಬಂಟ್ವಾಳದ ಪೇಟೆಯಲ್ಲಿಯೂ ಬೆಳ್ತಂಗಡಿಯ ಸಂತೆಯಲ್ಲಿಯೂ ಮೂಡಬಿದ್ರೆಯ ಅಂಗಡಿಸಾಲಿನಲ್ಲಿಯೂ ಕೇಳಿಬರುವುದುಂಟು. ಅದು ಹರಟೆಯ ಮಾತಾಗಿಯೇ ಉಳಿದಿದ್ದರೆ ನಾವು ಈ ಪುಟವನ್ನು ಅದಕ್ಕೆ ಕೊಡಬೇಕಾಗಿರಲಿಲ್ಲ. ಆದರೆ ಅದು ಅಧಿಕಾರದ ಕುರ್ಚಿಯನ್ನೇರಿ ಮಕ್ಕಳ ಪಾಠಪುಸ್ತಕದವರೆಗೂ ಕೈಚಾಚಿದೆ.

2018ರ ಜನವರಿಯಲ್ಲಿ ಕೇಂದ್ರ ಸರಕಾರದಲ್ಲಿ ಶಿಕ್ಷಣವನ್ನು ನೋಡಿಕೊಳ್ಳುವ ಖಾತೆಯ ರಾಜ್ಯಮಂತ್ರಿಯಾಗಿದ್ದ ಸತ್ಯಪಾಲ ಸಿಂಗರು, ಮಂಗ ಮನುಷ್ಯನಾದುದನ್ನು ನಮ್ಮ ಪೂರ್ವಜರಲ್ಲಿ ಯಾರೂ ಕಂಡವರಿಲ್ಲ, ಆದುದರಿಂದ ಡಾರ್ವಿನ್ನನ ವಾದ ತಪ್ಪು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಈ ಮಾತನ್ನು ನಿರಾಕರಿಸಿದವು. 2023ರಲ್ಲಿ ಎನ್‌ಸಿಇಆರ್‌ಟಿಯು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನೇ ಕಿತ್ತುಹಾಕಿತು. ಮಕ್ಕಳ ಹೊರೆ ಇಳಿಸುವುದಕ್ಕಾಗಿ ಎಂದು ಸಮಜಾಯಿಷಿ ಕೊಟ್ಟಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಸಹಿ ಹಾಕಿ ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಇದೆಯಲ್ಲ ಎಂಬ ಉತ್ತರ ಬಂತು. ಇದೆ ನಿಜ. ಆದರೆ ಅಲ್ಲಿಯವರೆಗೆ ಹೋಗಿ ಜೀವಶಾಸ್ತ್ರ ಓದುವವರು ಯಾರು? ಹತ್ತನೆಯದು ಮುಗಿಸಿ ಗೇರುಬೀಜದ ಕಾರ್ಖಾನೆಗೋ ಅಂಗಡಿಯ ಗಲ್ಲೆಗೋ ಐಟಿಐಗೋ ಹೋಗುವ ಹುಡುಗ ಹುಡುಗಿಯರಿಗೆ ಹತ್ತನೆಯ ಪುಸ್ತಕವೇ ವಿಜ್ಞಾನದ ಕೊನೆಯ ಪುಸ್ತಕ. ಡಾಕ್ಟರಾಗುವವನ ಮಗನಿಗೆ ಒಂದು ವಿದ್ಯೆ, ಬೀಡಿ ಕಟ್ಟುವವಳ ಮಗನಿಗೆ ಇನ್ನೊಂದು ಎಂದರೆ ಇದು ಹೊರೆ ಇಳಿಸುವುದೋ, ಪಾಲು ಕಸಿಯುವುದೋ?

ಹಾಗಾದರೆ ಡಾರ್ವಿನ್ನನು ಹೇಳಿದ್ದಾದರೂ ಏನು? 1859ರಲ್ಲಿ ಪ್ರಕಟವಾದ ಅವನ ಗ್ರಂಥ ಆರಂಭವಾಗುವುದು ಮಂಗನಿಂದಲ್ಲ, ಸಾಕುಪ್ರಾಣಿಗಳಿಂದ. ಅವನು ತಾನೇ ಪಾರಿವಾಳ ಸಾಕಿದನು, ಲಂಡನಿನಲ್ಲಿ ಪಾರಿವಾಳ ಸಾಕುವ ಜನರ ಕೂಟಗಳಿಗೆ ಹೋಗಿ ಅವರಿಂದ ಪಾಠ ಕಲಿತನು. ನಮ್ಮಲ್ಲಿ ಅಂಕದ ಕೋಳಿ ಸಾಕುವವರಿಗೂ ಕಂಬಳದ ಕೋಣ ಸಾಕುವವರಿಗೂ ಆ ವಿದ್ಯೆ ಹೊಸತಲ್ಲ. ಒಳ್ಳೆಯ ಹುಂಜವನ್ನು ಆರಿಸಿ ಅದರ ಮರಿ ಮಾಡಿಸುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ತಳಿಯೇ ಬೇರೆಯಾಗುತ್ತದೆ. ಮನೆಯ ಕೋಳಿಗಳೆಲ್ಲ ಮುಖ್ಯವಾಗಿ ಕೆಂಪು ಕಾಡುಕೋಳಿಯ ಸಂತಾನವೆಂದು ಡಾರ್ವಿನ್ನನು ಹೇಳಿದನು. ಅದು ನಿಜವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಕೋಳಿಯ ಹಳದಿ ಚರ್ಮ, ಹಳದಿ ಕಾಲಿನ ಗುಣ ಮಾತ್ರ ನಮ್ಮ ಘಟ್ಟದಲ್ಲಿ ಕೂಗುವ ಬೂದುಬಣ್ಣದ ಕಾಡುಕೋಳಿಯಿಂದ ಸೇರಿಕೊಂಡಿತೆಂದು 2008ರಲ್ಲಿ ತಿಳಿದುಬಂತು.

ಮನುಷ್ಯನು ಆರಿಸುವಂತೆ ಪ್ರಕೃತಿಯೂ ಆರಿಸುತ್ತದೆ, ಆದರೆ ಯಾವ ಉದ್ದೇಶವನ್ನೂ ಇಟ್ಟುಕೊಂಡು ಅಲ್ಲ. ಇದ್ದ ಜಾಗಕ್ಕೆ ಹೊಂದುವ ಗುಣವುಳ್ಳದ್ದು ಹೆಚ್ಚು ಮರಿ ಬಿಟ್ಟುಹೋಗುತ್ತದೆ, ಹೊಂದದ್ದು ಕಡಿಮೆಯಾಗುತ್ತದೆ. ಇದೇ ಡಾರ್ವಿನ್ನನ ಮಾತಿನ ತಿರುಳು. ನಮ್ಮ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯನ್ನು ನೋಡಿರಿ. ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಬರೆದ ‘ಕರ್ವಾಲೊ’ ಕಾದಂಬರಿಯಲ್ಲಿ ಜನರು ಕಾಡೆಲ್ಲ ಅಲೆದು ಹುಡುಕಿದ್ದು ಇದನ್ನೇ. ಅದಕ್ಕೆ ಹಕ್ಕಿಯ ರೆಕ್ಕೆ ಇಲ್ಲ. ಬೇರೆ ಓತಿಗಳಿಗಿರುವ ಪಕ್ಕೆಲುಬುಗಳೇ ಉದ್ದವಾಗಿ, ನಡುವೆ ಚರ್ಮ ಹಬ್ಬಿ, ಕೊಡೆಯ ಕಡ್ಡಿಯಂತೆ ಬಿಚ್ಚಿಕೊಳ್ಳುತ್ತವೆ. ಇದ್ದ ಸಾಮಾನಿನಲ್ಲಿಯೇ ಹೊಸ ಕೆಲಸ ನಡೆದುಹೋಗಿದೆ.

ಕಣ್ಣಾರೆ ಕಂಡವರಿಲ್ಲ ಎಂಬ ಮಂತ್ರಿಗಳ ಮಾತಿಗೂ ಉತ್ತರವುಂಟು. ಮಂಗಳೂರಿನ ಕಟ್ಟಡ ಕೆಲಸಗಾರರು ವರ್ಷವರ್ಷವೂ ಮಲೇರಿಯಾದಿಂದ ನರಳಿದುದನ್ನು ನಾವು ಬಲ್ಲೆವು. ಒಂದು ಕಾಲಕ್ಕೆ ಕ್ಲೋರೋಕ್ವಿನ್ ಗುಳಿಗೆ ಆ ಜ್ವರಕ್ಕೆ ರಾಮಬಾಣವಾಗಿತ್ತು. 1973ರಲ್ಲಿ ಅಸ್ಸಾಮಿನಲ್ಲಿ ಅದಕ್ಕೆ ಬಗ್ಗದ ಫಾಲ್ಸಿಪೇರಮ್ ರೋಗಾಣು ಕಂಡುಬಂತು, ಆಮೇಲೆ ಅದು ಹಬ್ಬಿತು, ಸರಕಾರ ಮದ್ದನ್ನೇ ಬದಲಿಸಬೇಕಾಯಿತು. ಗುಳಿಗೆಗೆ ಸಾಯುವ ರೋಗಾಣು ಸತ್ತು, ಸಾಯದ್ದು ಮರಿ ಹಾಕಿ ಬೆಳೆಯಿತು. ನಮ್ಮ ಕಾಲದಲ್ಲಿಯೇ, ನಮ್ಮ ರಕ್ತದಲ್ಲಿಯೇ ನಡೆದ ವಿಕಾಸ ಇದು. ಇದನ್ನು ತಿಳಿಯದವನು ಗುಳಿಗೆಯನ್ನು ಅರ್ಧಕ್ಕೆ ಏಕೆ ಬಿಡಬಾರದೆಂಬುದನ್ನೂ ತಿಳಿಯಲಾರ.

ಇನ್ನು ಮಂಗನ ವಿಷಯ. ಇಂದಿನ ಮಂಗ ನಮ್ಮ ಅಜ್ಜನೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಅಳಿಯಸಂತಾನ ಕುಟುಂಬದ ಎರಡು ಕವರುಗಳು ಒಂದೇ ತರವಾಡಿನಿಂದ ಒಡೆದು ಬೇರೆ ಬೇರೆ ಊರಲ್ಲಿ ನೆಲಸಿದಂತೆ, ಮನುಷ್ಯನೂ ಚಿಂಪಾಂಜಿಯೂ ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಒಂದೇ ಮೂಲದಿಂದ ಕವಲೊಡೆದರು. ಇದರಲ್ಲಿ ಅವಮಾನವೇನು? ಹನುಮಂತನಿಗೆ ಕೈಮುಗಿಯುವವನು, ಹಂದಿಯ ರೂಪದ ಪಂಜುರ್ಲಿಗೆ ಕೋಲ ಕೊಡುವವನು, ನಾಗನಿಗೆ ಬನ ಬಿಟ್ಟವನು ಪ್ರಾಣಿಯ ನೆಂಟಸ್ತಿಕೆಗೆ ನಾಚಬೇಕಾಗಿಲ್ಲ.

ದೇವರ ಪ್ರಶ್ನೆಗೆ ಬರೋಣ. ಡಾರ್ವಿನ್ನನು ಯೌವನದಲ್ಲಿ ಪಾದ್ರಿಯಾಗಲೆಂದು ಕೇಂಬ್ರಿಜ್ಜಿಗೆ ಹೋದವನು. ಮುಂದೆ ಅವನ ನಂಬಿಕೆ ಸಡಿಲಿತು, ತಾನು ಅಜ್ಞೇಯವಾದಿ ಎಂದು ಹೇಳಿಕೊಂಡನು. ಆದರೂ 1879ರ ಒಂದು ಕಾಗದದಲ್ಲಿ, ಗಾಢವಾಗಿ ದೇವರನ್ನು ನಂಬುವವನು ವಿಕಾಸವಾದಿಯೂ ಆಗಿರಬಹುದೆಂಬುದರಲ್ಲಿ ತನಗೆ ಸಂಶಯವಿಲ್ಲವೆಂದು ಬರೆದನು. ಇಪ್ಪತ್ತನೆಯ ಶತಮಾನದ ದೊಡ್ಡ ವಿಕಾಸ ವಿಜ್ಞಾನಿಗಳಲ್ಲೊಬ್ಬನಾದ ಡಾಬ್‌ಜಾನ್‌ಸ್ಕಿ ಶ್ರದ್ಧೆಯುಳ್ಳ ಕ್ರೈಸ್ತನಾಗಿದ್ದನು. ಮೊಡಂಕಾಪಿನ ಇಗರ್ಜಿಗೆ ಹೋಗುವ ನಮ್ಮ ಕಥೋಲಿಕ ಬಾಂಧವರಿಗೆ ಅವರ ಪೋಪರ ಮಾತೇ ಸಾಕು. 12ನೆಯ ಪಿಯುಸ್ 1950ರಲ್ಲಿ ಮನುಷ್ಯದೇಹದ ವಿಕಾಸದ ಬಗ್ಗೆ ವಿಚಾರಣೆಗೆ ಅಡ್ಡಿಯಿಲ್ಲವೆಂದರು, 2ನೆಯ ಜಾನ್ ಪಾಲರು 1996ರಲ್ಲಿ ವಿಕಾಸವಾದ ಬರಿಯ ಊಹೆಗಿಂತ ಹೆಚ್ಚಿನದೆಂದು ಒಪ್ಪಿದರು. ಮುಸಲ್ಮಾನರ ದೇಶಗಳಲ್ಲಿ ಇರಾನು ಶಾಲೆಗಳಲ್ಲಿ ವಿಕಾಸವನ್ನು ಕಲಿಸುತ್ತ ಬಂದಿತು, ಟರ್ಕಿ ಅದನ್ನು 2017ರಲ್ಲಿ ಹೈಸ್ಕೂಲಿನ ಪಾಠದಿಂದ ತೆಗೆಯಿತು. ಮತ ಒಂದೇ, ನಡೆ ಎರಡು. ಆದುದರಿಂದ ತಕರಾರು ಇರುವುದು ದೇವರಲ್ಲಿ ಅಲ್ಲ, ದೇವರ ಹೆಸರಿನಲ್ಲಿ ಆಳುವವರಲ್ಲಿ.

ಮೂಡಬಿದ್ರೆಯವರಿಗೆ ಇನ್ನೂ ಹತ್ತಿರದ ಉದಾಹರಣೆಯುಂಟು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ಯಾರು ತಾನೆ ಅಧರ್ಮದ ಮನೆಯೆಂದಾರು? ಆದರೆ ಜೈನಮತದಲ್ಲಿ ಜಗತ್ತನ್ನು ಸೃಷ್ಟಿಸಿದ ಕರ್ತನೇ ಇಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸೃಷ್ಟಿಕರ್ತನ ವಾದವನ್ನು ತರ್ಕದಿಂದ ಖಂಡಿಸಿದ್ದಾರೆ. ಸೃಷ್ಟಿಕರ್ತನನ್ನು ಒಪ್ಪದೆಯೂ ದಯೆ, ದಾನ, ವ್ರತ ನಿಯಮಗಳಿಂದ ಬಾಳಬಹುದೆಂದು ನಮ್ಮ ನೆರೆಮನೆಯವರು ಶತಮಾನಗಳಿಂದ ತೋರಿಸಿಕೊಟ್ಟಿದ್ದಾರೆ.

ಆದರೆ ಇದೆಲ್ಲ ನಮ್ಮ ಪೂರ್ವಜರಿಗೆ ಮೊದಲೇ ಗೊತ್ತಿತ್ತು, ದಶಾವತಾರವೇ ವಿಕಾಸವಾದ ಎಂದು ಜಂಭ ಕೊಚ್ಚುವುದೂ ಬೇಡ. ಮೀನು, ಆಮೆ, ಹಂದಿ ಎಂಬ ಸಾಲು ಚಂದವಾಗಿದೆ. ಆದರೆ ಅಲ್ಲಿ ದೇವರು ಇಳಿದುಬರುತ್ತಾನೆಯೇ ಹೊರತು ಮೀನಿನ ಸಂತಾನ ಬದಲಾಗುತ್ತ ಆಮೆಯಾಗುವುದಿಲ್ಲ. ಪುರಾಣಕ್ಕೆ ಪುರಾಣದ ಬೆಲೆ ಇರಲಿ, ವಿಜ್ಞಾನಕ್ಕೆ ಸಾಕ್ಷ್ಯದ ಬೆಲೆ ಇರಲಿ. ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಸಂಪುಟಗಳನ್ನು ಕನ್ನಡದ ಮಕ್ಕಳಿಗೂ ದೊಡ್ಡವರಿಗೂ ಬರೆದುಕೊಟ್ಟರು. ಅವರು ದೇವರನ್ನು ನಂಬಿದವರಲ್ಲ. ಅವರ ಪುಸ್ತಕ ಓದಿದ ಆಸ್ತಿಕರ ಮನೆಯ ದೀಪವೇನೂ ಆರಲಿಲ್ಲ.

ಆಸ್ತಿಕನು ಬಿಡಬೇಕಾದದ್ದು ಏನೂ ಇಲ್ಲವೇ ಎಂದು ಕೇಳಬಹುದು. ಇದೆ. ಒಂದೊಂದು ಜೀವಜಾತಿಯನ್ನೂ ದೇವರು ಬೇರೆ ಬೇರೆಯಾಗಿ, ಇದ್ದ ಹಾಗೆಯೇ ಮಾಡಿಟ್ಟನೆಂಬ ಕಥೆಯನ್ನು ಅಕ್ಷರಶಃ ಹಿಡಿದುಕೊಳ್ಳಲು ಬರುವುದಿಲ್ಲ. ಪ್ರಕೃತಿಯಲ್ಲಿ ಇಷ್ಟೊಂದು ನೋವಿರುವಾಗ ಕರುಣಾಮಯನಾದ ದೇವರು ಎಲ್ಲಿ ಎಂಬ ಪ್ರಶ್ನೆಯನ್ನೂ ಎದುರಿಸಬೇಕಾಗುತ್ತದೆ. ಆದರೆ ಆ ಪ್ರಶ್ನೆಯನ್ನು ಡಾರ್ವಿನ್ನನು ತಂದದ್ದಲ್ಲ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ನೆರೆ ಬಂಟ್ವಾಳದ ಪೇಟೆಯನ್ನು ಮುಳುಗಿಸಿದಾಗ, ಮನೆಮಠ ಕಳೆದುಕೊಂಡವರು ಡಾರ್ವಿನ್ನನ ಹೆಸರು ಕೇಳದೆಯೇ ಆ ಪ್ರಶ್ನೆ ಕೇಳಿರಲಾರರೇ? ಮಳೆ ಮೋಡದಿಂದ ಬರುತ್ತದೆಂದು ತಿಳಿದ ಮೇಲೂ ಜನ ಹರಕೆ ಹೊರುವುದನ್ನು ಬಿಡಲಿಲ್ಲ. ಜೀವ ಹೇಗೆ ಬೆಳೆಯಿತೆಂದು ತಿಳಿದ ಮೇಲೂ ನಂಬುವವರು ನಂಬುತ್ತಾರೆ. ನಂಬದವರಿಗೆ ಅದು ದೇವರಿಲ್ಲವೆಂಬ ರುಜುವಾತೂ ಆಗುವುದಿಲ್ಲ.

ವಿಕಾಸವಾದದ ಮುಂದೆ ಉಳಿಯಲಾರದ ದೇವರು ಒಬ್ಬನುಂಟು. ಒಬ್ಬನನ್ನು ಮುಖದಿಂದ, ಇನ್ನೊಬ್ಬನನ್ನು ಪಾದದಿಂದ ಹುಟ್ಟಿಸಿ ಮೇಲುಕೀಳು ಮಾಡಿದನೆಂದು ಹೇಳಲಾಗುವ ದೇವರು ಅವನು. ಭೂಮಿಯ ಮೇಲಿನ ಎಲ್ಲ ಮನುಷ್ಯರೂ ಸುಮಾರು 3 ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿ ರೂಪುಗೊಂಡ ಒಂದೇ ಜಾತಿಯವರೆಂದು ವಿಜ್ಞಾನ ಹೇಳುತ್ತದೆ. ಹಸುವಿಗೆ ಹಸುತನ ಹೇಗೆ ಜಾತಿಯೋ ಹಾಗೆ ಮನುಷ್ಯನಿಗೆ ಮನುಷ್ಯತ್ವವೇ ಜಾತಿಯೆಂದು ನಾರಾಯಣ ಗುರುಗಳು ಬೋಧಿಸಿದರು. 1912ರಲ್ಲಿ ಕುದ್ರೋಳಿಯಲ್ಲಿ ದೇವರನ್ನು ಪ್ರತಿಷ್ಠಾಪಿಸಿದವರೂ ಅವರೇ. ದೇವರೂ ಉಳಿದನು, ಜಾತಿಯ ಬುಡವೂ ಅಲುಗಿತು. ಪಾಠವನ್ನು ಕಂಡು ಕೆಲವರು ಹೆದರುವುದು ಯಾಕೆಂಬುದು ಈಗ ತಿಳಿಯಿತಷ್ಟೆ?

ಇನ್ನೊಂದು ಎಚ್ಚರಿಕೆಯೂ ಬೇಕು. ಬಲಿಷ್ಠನೇ ಉಳಿಯುವುದು ಪ್ರಕೃತಿಯ ನಿಯಮ, ಆದುದರಿಂದ ಕೂಲಿ ಕಡಿಮೆ ಕೊಟ್ಟರೂ ತಪ್ಪಿಲ್ಲ ಎಂದು ವಾದಿಸುವ ಧನಿಕರೂ ಇದ್ದರು. ಅದು ಡಾರ್ವಿನ್ನನ ವಿಜ್ಞಾನವಲ್ಲ, ಲಾಭದ ಲೆಕ್ಕ. ಪ್ರಾಣಿಗಳಲ್ಲಿ ಪರಸ್ಪರ ಸಹಾಯವೂ ಬದುಕುಳಿಯುವ ದಾರಿಯೆಂದು ಕ್ರೊಪಾಟ್ಕಿನ್ 1902ರ ಗ್ರಂಥದಲ್ಲಿ ತೋರಿಸಿದನು. ಯೂನಿಯನ್ ಕಟ್ಟಿದ ಕಾರ್ಮಿಕರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಗುಡಿಯಲ್ಲಿ ಪೂಜೆ ನಡೆಯಲಿ, ಬಸದಿಯಲ್ಲಿ ಅಭಿಷೇಕ ನಡೆಯಲಿ, ಇಗರ್ಜಿಯ ಗಂಟೆಯೂ ಮಸೀದಿಯ ಬಾಂಗೂ ಕೇಳಲಿ. ನಮಗೆ ಆಕ್ಷೇಪವಿಲ್ಲ. ಪಾಠಪುಸ್ತಕ ಬರೆಯುವ ಕೆಲಸವನ್ನು ಮಾತ್ರ ಪಾಠ ಬಲ್ಲವರಿಗೆ ಬಿಡಲಿ. ತಂದೆತಾಯಿಗಳು ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ, ನಮ್ಮ ಮಕ್ಕಳಿಗೆ ಈ ಪಾಠ ಕಲಿಸುತ್ತೀರೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳಬೇಕು. ದೇವರ ಭಯವಿದ್ದವರೂ ಕೇಳಬಹುದು, ಇಲ್ಲದವರೂ ಕೇಳಬಹುದು.