ಕೊಲೆಯ ಹಾಡಿನಲ್ಲಿ ಯಾರ ಹೆಸರು?

ಡೂಮ್ ಮೆಟಲ್ ಅಂದರೆ ನಿಧಾನ ಗತಿಯ, ಭಾರವಾದ ಗಿಟಾರಿನ, ಸಾವು–ಭಯಗಳನ್ನೇ ಹೆಚ್ಚಾಗಿ ಹಾಡುವ ರಾಕ್ ಸಂಗೀತ. ಜಪಾನಿನ ‘ಚರ್ಚ್ ಆಫ್ ಮಿಸರಿ’ ತಂಡದ ಮೊದಲ ಆಲ್ಬಮ್ ‘ಮಾಸ್ಟರ್ ಆಫ್ ಬ್ರೂಟಾಲಿಟಿ’ 2001ರಲ್ಲಿ ಬಂತು. ಅದರ ಹೆಚ್ಚಿನ ಹಾಡುಗಳು ನಿಜವಾದ ಸರಣಿ ಹಂತಕರ ಕುರಿತಾದವು. ಹಾಡಿನ ಹೆಸರಿನ ಪಕ್ಕದಲ್ಲೇ ಕೊಲೆಗಾರನ ಹೆಸರಿರುತ್ತದೆ. ಇಂಥದ್ದನ್ನು ಕೇಳುವ ಹುಡುಗರಿಗೆ ‘ಇದು ನಮ್ಮ ಸಂಸ್ಕೃತಿಯಲ್ಲ’ ಎಂಬ ಬುದ್ಧಿಮಾತು ತಪ್ಪಿದ್ದಲ್ಲ.

ಆ ಮಾತನ್ನು ನಾನು ಒಪ್ಪುವುದಿಲ್ಲ. ನಡೆದ ಕೊಲೆಯನ್ನು ಹಾಡಿ, ಕುಣಿದು ತೋರಿಸಿದ ಜಿಲ್ಲೆ ನಮ್ಮದು. ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರಿಂದ ಹುಟ್ಟಿದ್ದು. ಅದನ್ನು ಸಂಪಾದಿಸಿ ಓದುಗರ ಕೈಗಿಟ್ಟವರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಓದಿದ ಚಂದ್ರಶೇಖರ ಕಂಬಾರರು. ಇತ್ತ ಮೂಡಲಗಿ ತಾಲ್ಲೂಕಿನ ಕುಲಗೋಡ ‘ಶ್ರೀಕೃಷ್ಣ ಪಾರಿಜಾತ’ದ ತಮ್ಮಣ್ಣನ ಊರು. ದೇವರ ಆಟವನ್ನೂ ಕೊಲೆಯ ಆಟವನ್ನೂ ನಮ್ಮ ಹಿರಿಯರು ರಾತ್ರಿಯಿಡೀ ಕೂತು ನೋಡಿದ್ದಾರೆ. ಅದರಿಂದ ಊರು ಕೆಟ್ಟಿಲ್ಲ.

ಈ ಸಂಗೀತದ ಮೂಲವೂ ದುಡಿಯುವವರ ಓಣಿಯೇ. 1970ರಲ್ಲಿ ಮೊದಲ ಆಲ್ಬಮ್ ತಂದು ಇದಕ್ಕೆ ದಾರಿ ಹಾಕಿದ ‘ಬ್ಲ್ಯಾಕ್ ಸಬ್ಬತ್’ ತಂಡದ ಟೋನಿ ಅಯೋಮಿ, ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡವರು. ಫಾಲ್ಸಿನ ಗಿರಣಿಯ ಸದ್ದು ಕೇಳಿ ಬೆಳೆದವರಿಗೆ ಆ ಭಾರ ಅರ್ಥವಾಗುತ್ತದೆ.

ಹಾಗಾದರೆ ಆಕ್ಷೇಪವೇ ಇಲ್ಲವೇ? ಇದೆ. ಜಪಾನಿನ ಆಲ್ಬಮ್ಮಿನಲ್ಲಿ ಹಂತಕರ ಹೆಸರುಗಳಿವೆ. ಸತ್ತವರ ಹೆಸರು ಒಂದು ಹಾಡಿಗೂ ಇಲ್ಲ. ನಮ್ಮ ಸಣ್ಣಾಟದ ಹೆಸರಿನಲ್ಲೇ ಕೊಲೆಯಾದ ಸಂಗ್ಯಾ ಇದ್ದಾನೆ, ಅವನನ್ನು ಕೊಲೆಗಾರರ ಕೈಗೆ ಕೊಟ್ಟ ಗೆಳೆಯ ಬಾಳ್ಯಾನೂ ಇದ್ದಾನೆ. ಸಂಗ್ಯಾ ಪರರ ಹೆಂಡತಿಗೆ ಆಸೆಪಟ್ಟವನು. ಅದನ್ನು ಆಟ ಮುಚ್ಚಿಡುವುದಿಲ್ಲ. ಆದರೂ ಅವನ ಸಾವಿಗೆ ಜನ ಮರುಗುತ್ತಾರೆ. ಆಟ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಮುರಿದ ಗೆಳೆತನದ ಸಂಕಟ.

ಈಗ ನಮ್ಮ ಮೊಬೈಲ್ ನೋಡೋಣ. ಎಲ್ಲೋ ಕೊಲೆಯಾದರೆ ಸಂಜೆಯೊಳಗೆ ಆರೋಪಿಯ ಫೋಟೊಕ್ಕೆ ‘ಮಾಸ್’ ಹಾಡು ಕೂಡಿಸಿದ ರೀಲ್ಸ್ ಹರಿದಾಡುತ್ತವೆ. ಲೈಕ್ ಒತ್ತುವವರು, ಸ್ಟೇಟಸ್ ಹಾಕುವವರು ನಮ್ಮ ವಯಸ್ಸಿನವರೇ. ಸತ್ತವನ ತಂಗಿಯ ಮೊಬೈಲಿಗೂ ಅದು ಬರುತ್ತದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಡೂಮ್ ಮೆಟಲ್ಲಿಗಿಂತ ನನಗೆ ಹೆದರಿಕೆ ಹುಟ್ಟಿಸುವುದು ಇದು.

ಬೆಂಗಳೂರಿನ ‘ಬೆವರ್ ಸೀ’ ತಂಡದ ಮೊದಲ ಡೂಮ್ ಆಲ್ಬಮ್ 2012ರಲ್ಲೇ ಬಂದಿದೆ. ನಾಳೆ ಗೋಕಾಕದ ಹುಡುಗರೂ ತಂಡ ಕಟ್ಟಲಿ, ಕನ್ನಡದಲ್ಲೇ ಕತ್ತಲೆಯನ್ನು ಹಾಡಲಿ. ಹಾಡಿಗೆ ಹೆಸರಿಡುವ ಮುನ್ನ, ರೀಲ್ಸ್ ಹಂಚುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಸತ್ತವನ ಅವ್ವನ ಎದುರಿಗೆ ಕೂತು ಇದನ್ನು ಕೇಳಿಸಬಲ್ಲೆನೇ?